ಎಡ್ನಾ ಥರ್ಟಲ್ ಹಾಕಿದ ಗಂಟು

ನಸುಕಿನ ಆರೂವರೆ. ನವೆಂಬರ್ ಮಂಜು ಬೀಟ್‌ಗೆಡ್ಡೆಯ ಹೊಲಗಳಿಂದ ಎದ್ದು ವಾಯುನೆಲೆಯ ಮದ್ದಿನ ಕೊಟ್ಟಿಗೆಯೊಳಗೂ ನುಗ್ಗಿದೆ. ಎಡ್ನಾ ಥರ್ಟಲ್ ಮೊಣಕಾಲೂರಿ ಕುಳಿತು ಕಬ್ಬಿಣದ ಗುರುತುಬಾಂಬೊಂದರ ಬಾಲದ ತಿರುಪು ಬಿಚ್ಚುತ್ತಿದ್ದಾರೆ. ಒಳಗಿರುವುದು ಬಣ್ಣದ ಬೆಳಕು ಕಾರುವ ಅರವತ್ತು ಮದ್ದಿನ ಬತ್ತಿಗಳು. ಒಂದೊಂದನ್ನೇ ಎತ್ತಿ ಮರಳಿನ ಮೇಲೆ ಮಲಗಿಸುತ್ತಾರೆ. ಕೈಗೆ ಗವಸು ಇಲ್ಲ.

"ಗವಸು ಹಾಕ್ಕೊಂಡ್ರೆ ಬೆರಳಿಗೆ ಏನೂ ತಿಳಿಯಲ್ಲ ಸಾರ್" ಎನ್ನುತ್ತಾರೆ, ತಲೆ ಎತ್ತದೆ.

ಯುದ್ಧ ಮುಗಿದು ಆರು ತಿಂಗಳಾಯಿತು. ಮಿಕ್ಕಿರುವ ಗುರುತುಬಾಂಬುಗಳನ್ನು ದಿನಕ್ಕೆ ಹನ್ನೆರಡರಂತೆ ಬಿಚ್ಚಿ ಬರಿದು ಮಾಡುವುದು ಈಗ ಇವರ ಕೆಲಸ. ಯುದ್ಧದಲ್ಲಿ ದಿನಕ್ಕೆ ಎಂಟು ವಿಮಾನಕ್ಕೆ ನಾಲ್ಕರಂತೆ ಮೂವತ್ತೆರಡನ್ನು ತುಂಬಿ, ಗಾಡಿಯಲ್ಲಿ ತಳ್ಳಿ, ವಿಮಾನದ ಹೊಟ್ಟೆಗೆ ಏರಿಸುತ್ತಿದ್ದರು. ವಿಮಾನ ಹಾರಿಸಿದವರ ಚಿತ್ರಗಳು ನಮ್ಮ ಪತ್ರಿಕೆಯ ಇದೇ ಪುಟದಲ್ಲಿ ಬಂದಿವೆ. ತುಂಬಿದವರ ಹೆಸರು ಯಾರಿಗೂ ಗೊತ್ತಿಲ್ಲ.

ಗೌಪ್ಯದ ಆಜ್ಞೆ ಸಡಿಲಾಗಿರುವುದರಿಂದ ಇಷ್ಟನ್ನು ಬರೆಯಬಹುದು. ಈ ದಳದ ವಿಮಾನಗಳು ಮೋಡದ ಮೇಲೆ ಕುರುಡಾಗಿ ಹೋಗುತ್ತಿದ್ದವು. ಕಡಲತೀರದ ಎರಡು ರೇಡಾರ್ ಠಾಣೆಗಳೇ ಅವಕ್ಕೆ ಕಣ್ಣು. ಒಂದು ದಾರಿ ಹಿಡಿಸುತ್ತಿತ್ತು, ಇನ್ನೊಂದು ಬೀಳಿಸುವ ಕ್ಷಣ ಹೇಳುತ್ತಿತ್ತು. ಗುರುತುಬಾಂಬು ಒಡೆದು ಬಣ್ಣದ ಬೆಳಕು ಚೆಲ್ಲಿದರೆ, ಹಿಂದೆ ಬರುವ ನೂರಾರು ವಿಮಾನಗಳು ಆ ಬಣ್ಣಕ್ಕೇ ಗುರಿ ಇಡುತ್ತಿದ್ದವು. ಆ ಠಾಣೆಗಳು ಒಂದು ಸಲಕ್ಕೆ ಒಂದೇ ವಿಮಾನವನ್ನು ನಡೆಸಬಲ್ಲವು. ಸರದಿ ತಪ್ಪಿದರೆ ಮತ್ತೆ ಸಿಗದು.

ಎಡ್ನಾ ಲೋಸ್ಟಾಫ್ಟ್ ಎಂಬ ಮೀನುಗಾರರ ಊರಿನ ಹುಡುಗಿ, ತಾಯಿಯ ಹಾಗೆ ಹೆರಿಂಗ್ ಮೀನಿನ ಬಲೆ ನೇಯ್ದು ಬದುಕಿದವರು. ದೋಣಿಗಳನ್ನು ನೌಕಾಪಡೆ ಒಯ್ದಾಗ ಬಲೆಯ ಕೆಲಸವೂ ನಿಂತಿತು. ಹತ್ತೊಂಬತ್ತನೇ ವಯಸ್ಸಿಗೆ ಇಲ್ಲಿಗೆ ಬಂದರು. ಮೊದಲ ದಿನವೇ ಸಾರ್ಜೆಂಟ್ ಮಾಬ್ಸ್ ಮೂಗು ಮುಚ್ಚಿಕೊಂಡು ನಿಂತಿದ್ದರಂತೆ.

"'ಮೀನು ನಾರೋ ಕೈಗೆ ಮದ್ದು ಕೊಟ್ಟೋರು ಯಾರಪ್ಪಾ' ಅಂದ್ರು. ನಾನು ಬಿಡ್ತೀನಾ? 'ಮೀನು ಕೆಟ್ರೆ ವಾಸನೆ ಬರುತ್ತೆ ಸಾರ್ಜೆಂಟ್. ನಿಮ್ಮ ಮದ್ದು ಕೆಟ್ರೆ ಮೂಸೋಕೆ ನಾವೇ ಇರಲ್ಲ' ಅಂದೆ."

ಆ ಮೀನಿನ ಕೈಯೇ ದಳವನ್ನು ಕಾಪಾಡಿತು. ಮಬ್ಬಾದ ಮೇಲೆ ಕೊಟ್ಟಿಗೆಯಲ್ಲಿ ನೀಲಿ ದೀಪ ಮಾತ್ರ. ಅದರಡಿ ಬಾಂಬಿನ ಬಣ್ಣ ಸೂಚಿಸುವ ಕೆಂಪು ಪಟ್ಟಿಯೂ ಕಪ್ಪು, ಹಸಿರು ಪಟ್ಟಿಯೂ ಕಪ್ಪು. ಅದಕ್ಕೇ ಎಡ್ನಾ ಹಗಲಲ್ಲೇ ಪ್ರತಿ ಬಾಂಬಿನ ಬಾಲಕ್ಕೂ ದಾರ ಕಟ್ಟುತ್ತಿದ್ದರು. ಕೆಂಪಿಗೆ ಒಂದು ಗಂಟು, ಹಸಿರಿಗೆ ಎರಡು, ಹಳದಿಗೆ ಮೂರು. ಏರಿಸಿದ ಮೇಲೆ ಕೊನೆಯದಾಗಿ ಎಲ್ಲವನ್ನೂ ಬೆರಳಲ್ಲಿ ಸವರಿ ನೋಡುತ್ತಿದ್ದರು.

ಎರಡು ವರ್ಷದಲ್ಲಿ ಇಲ್ಲಿಂದ ಒಂದೂ ತಪ್ಪು ಬಣ್ಣ ಹೋಗಿಲ್ಲ ಎಂದು ದಳದ ಮುಖ್ಯಸ್ಥರು ನನಗೆ ಹೇಳಿದ್ದರು. ನಾನು ಬಂದದ್ದೂ ಅದನ್ನು ಬರೆಯಲೆಂದೇ. ಹಾಗೆಂದಾಗ ಎಡ್ನಾರ ಕೈ ನಿಲ್ಲುತ್ತದೆ.

"ಬರೆಯೋದಾದ್ರೆ ಪೂರ್ತಿ ಬರೀರಿ."

ಕಳೆದ ವರ್ಷ ಮಾರ್ಚ್. ಮುಸ್ಸಂಜೆ. ಕೆಂಪು ತುಂಬಿದ ವಿಮಾನ ಹೊರಡಲು ಸಿದ್ಧವಾಗಿತ್ತು. ಸವರಿದಾಗ ನಾಲ್ಕರಲ್ಲಿ ಒಂದರ ಬಾಲಕ್ಕೆ ಎರಡು ಗಂಟು ಸಿಕ್ಕಿತು. ಎಡ್ನಾ ಚಕ್ರದ ಮುಂದೆ ಹೋಗಿ ನಿಂತರು. ಮಾಬ್ಸ್ ಕೂಗಾಡಿದರು, ಇವರು ಕದಲಲಿಲ್ಲ. ಇಳಿಸಿ, ಬಿಚ್ಚಿ, ಬಿಳಿ ದೀಪ ಹಚ್ಚಿ ನೋಡಿದರೆ ಅರವತ್ತೂ ಕೆಂಪೇ. ಬಣ್ಣ ಸರಿಯಾಗಿತ್ತು, ಗಂಟು ತಪ್ಪಾಗಿತ್ತು.

"ಹಗಲು ಹಿಮಕ್ಕೆ ಬೆರಳು ಮರಗಟ್ಟಿತ್ತು. ಎರಡು ಹಾಕಿದ್ದೇ ನನಗೆ ತಿಳಿದಿಲ್ಲ."

ಇಷ್ಟಕ್ಕೆ ಹನ್ನೊಂದು ನಿಮಿಷ ಹಿಡಿದು ಆ ವಿಮಾನಕ್ಕೆ ಸರದಿ ತಪ್ಪಿತ್ತು. ಸರದಿ ಖಾಲಿ ಹೋಗದಂತೆ, ಇಳಿಸಲು ತೊಡಗಿದಾಗಲೇ ಅದರ ಬದಲಿಗೆ ಮೀಸಲು ವಿಮಾನವನ್ನು ಕಳಿಸಿಬಿಟ್ಟಿದ್ದರು. ಆ ಮೀಸಲು ವಿಮಾನದ ಚಾಲಕ ಕ್ಲಿಫರ್ಡ್ ಅಟಿಂಗ್, ಡೀರಮ್ ಊರಿನವರು. ಅವರೂ ಹಿಂತಿರುಗಲಿಲ್ಲ, ಜೊತೆಯವನೂ ಹಿಂತಿರುಗಲಿಲ್ಲ.

ಅಟಿಂಗ್ ಅಂದು ಬೆಳಿಗ್ಗೆಯಷ್ಟೇ ತಾಯಿಗೆ ಕಾಗದ ಹಾಕಿದ್ದರು: ಇವತ್ತು ನನ್ನ ಸರದಿಯಿಲ್ಲ, ನಾಳೆ ರಜೆಗೆ ಮನೆಗೆ ಬರುತ್ತೇನೆ. ಸರದಿಯಿಲ್ಲದವನು ಹೋದದ್ದೇಕೆ ಎಂದು ಆ ತಾಯಿ ವಾಯುನೆಲೆಗೆ ಮೂರು ಸಲ ಬರೆದು ಕೇಳಿದ್ದಾರೆ. ಮೂರು ಸಲವೂ ಹೋದ ಉತ್ತರ ಒಂದೇ, ಗೌಪ್ಯ. ಕಚೇರಿಯಲ್ಲಿ ಅದನ್ನು ಟೈಪ್ ಮಾಡಿದವಳು ಎಡ್ನಾರ ಪಕ್ಕದ ಮಂಚದ ಗೆಳತಿ.

"ಎರಡು ಸಲ ಆಯಮ್ಮನ ಮನೆ ಗೇಟಿನ ತನಕ ಹೋಗಿ ವಾಪಸ್ ಬಂದೆ. ಆಗ ಬಾಯಿಗೆ ಬೀಗ ಇತ್ತು. ಈಗ ಬೀಗ ತೆಗೆದಿದ್ದಾರೆ, ಗೇಟು ತೆಗೆಯೋಕೆ ಧೈರ್ಯ ಇಲ್ಲ."

ಅಂದು ಸುಮ್ಮನೆ ಬಿಟ್ಟುಬಿಡಬೇಕಿತ್ತು ಅನಿಸುತ್ತದೆಯೇ ಎಂದು ಕೇಳುತ್ತೇನೆ.

"ಇಲ್ಲ" ಎನ್ನುತ್ತಾರೆ, ಥಟ್ಟನೆ. "ಬಣ್ಣ ತಪ್ಪಿದ್ರೆ ಅಷ್ಟೂ ಬಾಂಬು ಇನ್ನೆಲ್ಲೋ ಬೀಳ್ತವೆ. ಬಣ್ಣ ಸರಿ ಇದ್ದಾಗ್ಲೂ ಯಾರ್ಯಾರ ಮನೆ ಮೇಲೆ ಬಿದ್ವೋ, ಆ ಕೊರಗೇ ನನಗೆ ಸಾಕಷ್ಟಿದೆ. ಎರಡು ಗಂಟು ಸಿಕ್ರೆ ಇವತ್ತೂ ನಿಲ್ಲಿಸ್ತೀನಿ. ನಿಲ್ಲಿಸಿದ್ದು ತಪ್ಪಲ್ಲ ಸಾರ್. ಕಟ್ಟಿದ್ದು ತಪ್ಪು."

ಹೊರಗೆ ಬೆಳಕಾಗಿದೆ. ಟೀ ಗಾಡಿಯ ಗಂಟೆ ಕೇಳಿದರೂ ಎಡ್ನಾ ಏಳುವುದಿಲ್ಲ. ನಾನು ಟಿಪ್ಪಣಿ ಪುಸ್ತಕ ಮಡಿಚುವಾಗ ಕೇಳುತ್ತಾರೆ, "ಡೀರಮ್‌ಗೂ ನಿಮ್ಮ ಪತ್ರಿಕೆ ಹೋಗುತ್ತಲ್ವಾ?"

ಹೋಗುತ್ತದೆ ಎನ್ನುತ್ತೇನೆ.

"ಹಾಗಾದ್ರೆ ನನ್ನ ಹೆಸರು ಪೂರ್ತಿ ಹಾಕಿ. ಭಾನುವಾರ ನನಗೆ ರಜೆ, ಎಲ್ಲೂ ಹೋಗಲ್ಲ ಅಂತಾನೂ ಹಾಕಿ. ಆಯಮ್ಮ ಬೈಯೋಕೆ ಬಂದ್ರೆ ನಾನು ಇಲ್ಲಿರಬೇಕು."