ಈಯ, ಸೀಸ ಮತ್ತು ಒಂದು ಕಟ್ಟು ಸೊಪ್ಪು

ನಮ್ಮ ಹಿತ್ತಿಲ ಗೋಡೆಯ ಮೇಲೆ ಬೆಳಗಾದರೆ ಒಂದು ಕಟ್ಟು ಅರಿವೆ ಸೊಪ್ಪು ಕೂತಿರುತ್ತಿತ್ತು, ಬೇರಿನ ಮಣ್ಣು ಸಮೇತ. ಇಡುತ್ತಿದ್ದವರು ಪಕ್ಕದ ಮನೆಯ ಮಾದಮ್ಮ. ಮೇಚೇರಿ ಕಡೆಯ ಹಳ್ಳಿಯಿಂದ ಧರ್ಮಪುರಿಗೆ ಬಂದವರು. ಒಂಟಿ ಜೀವ, ನನ್ನ ಹಾಗೇ. ಬೀದಿಯಲ್ಲಿ ಕನ್ನಡ ಆಡುವವರು ನಾವಿಬ್ಬರೇ ಆದ್ದರಿಂದ, ಸೊಪ್ಪಿನ ನೆಪದಲ್ಲಿ ಗೋಡೆಯ ಆಚೀಚೆ ನಿಂತು ನಾಲ್ಕು ಮಾತಾಡಿಯೇ ನಾನು ಕಚೇರಿಗೆ ಹೊರಡುತ್ತಿದ್ದೆ. ಆಮೇಲೆ ದಿನವೆಲ್ಲ ನನ್ನ ನಾಲಿಗೆ ತಮಿಳಿನದು.

ಅವರ ಹಿತ್ತಿಲಿನ ಜಾಗದಲ್ಲಿ ಹಿಂದೆ ಯಾರೋ ಹಳೆಯ ಬ್ಯಾಟರಿ ಒಡೆದು ಕರಗಿಸುತ್ತಿದ್ದರಂತೆ. ಅದು ಕಿವಿಗೆ ಬಿದ್ದ ಮೇಲೆ ತುತ್ತು ಇಳಿಯದೆ, ಅವರನ್ನು ಕೇಳಿ ಒಂದು ಹಿಡಿ ಮಣ್ಣನ್ನು ಪರೀಕ್ಷೆಗೆ ಕಳಿಸಿದೆ. ಬಂದ ಉತ್ತರವನ್ನು ತಿಳಿಸುವುದೇ ಪಡಿಪಾಟಲಾಯಿತು ನೋಡಿ. ಮಣ್ಣಿನಲ್ಲಿ ಸೀಸವಿತ್ತು; ಮೊದಲು ವರದಿಯಲ್ಲಿದ್ದ ಹಾಗೇ ತಮಿಳಿನಲ್ಲಿ ‘ಈಯಂ’ ಎಂದೆ.

“ಇತ್ತಾಳೆ ಪಾತ್ರೆಗೆ ಪೂಸ್ತಾರಲ್ಲ, ಆ ಈಯಾನಾ? ಒಳ್ಳೇದೇ ಅಲ್ವಾ ಅವ್ವಾ, ಉಳಿಸಾರು ಕಿಲುಬಾಗಲ್ಲ!” ಎಂದು ನಕ್ಕರು.

ಅಯ್ಯೋ, ಅದಲ್ಲ, ಸೀಸ ಎಂದೆ ಕನ್ನಡದಲ್ಲಿ.

“ಸೀಸೆ ಚೂರಾ? ಆಯ್ದು ಬಿಸಾಕ್ತೀನಿ ಬುಡು.”

ಎರಡು ಭಾಷೆ ಬಲ್ಲೆನೆಂಬ ನನ್ನ ಜಂಬ ಅಲ್ಲಿಗೆ ಇಳಿಯಿತು. ಆಯ್ದು ಬಿಸಾಡುವಂಥದ್ದಾಗಿದ್ದರೆ ನಾನೇ ಸೆರಗು ಸಿಕ್ಕಿಸಿ ಇಳಿಯುತ್ತಿದ್ದೆ. ಇದೋ ಕಣ್ಣಿಗೆ ಕಾಣದ್ದು, ಮೂಗಿಗೆ ನಾರದ್ದು, ನಾವು ಮಣ್ಣಾದ ಮೇಲೂ ಮಣ್ಣಿನಲ್ಲೇ ಉಳಿಯುವಂಥದ್ದು. ಅರಿವೆ ಸೊಪ್ಪಿಗೆ ಅರಿವು ಹೆಸರಿನಲ್ಲಷ್ಟೇ. ಅದರ ಬೇರು ಸಿಕ್ಕಿದ್ದನ್ನೆಲ್ಲ ಹೀರುತ್ತದೆ. “ವಿಷ ಕಣಕ್ಕಾ” ಎಂದೆ ಕೊನೆಗೆ. ಆ ಮಾತು ಎರಡೂ ಭಾಷೆಯಲ್ಲಿ ಒಂದೇ.

ಮಾದಮ್ಮ ಅಂದೇ ಸೊಪ್ಪಿನ ಪಾತಿಯನ್ನೆಲ್ಲ ಕಿತ್ತುಹಾಕಿದರು. ಮರುದಿನ ಗೋಡೆ ಬರಿದು, ಅದರ ಮರುದಿನವೂ. ಸೊಪ್ಪು ಹೋದರೆ ಹೋಗಲಿ, ಸಂತೆಯಲ್ಲಿ ಸಿಗುತ್ತದೆ. ಮಾತು ಯಾವ ಸಂತೆಯಲ್ಲಿ ಸಿಗುತ್ತದೆ, ನೀವೇ ಹೇಳಿ? ಸುಮ್ಮನೆ ಗೋಡೆಯ ಬಳಿ ನಿಂತು ಒಳಗೆ ಬರುವಾಗ ನನಗೆ ಅಳುವೇ ಬರುತ್ತಿತ್ತು. ಕೊನೆಗೆ ತಡೆಯಲಾರದೆ, ಯಾಕಕ್ಕಾ ಈ ಕಡೆ ಬರುವುದೇ ಇಲ್ಲ ಎಂದು ಕೂಗಿ ಕೇಳಿದೆ.

ಅವರು ತಮ್ಮ ಬಾಗಿಲಲ್ಲೇ ನಿಂತರು. “ಕೊಡಾಕೆ ಏನೂ ಇಲ್ದೆ ಗೋಡೆ ತಾವ ಎಂಗವ್ವಾ ಬರ್ಲಿ? ಇಷ್ಟ್ ದಿನ ನಿಂಗೆ ಇಸ ತಿನ್ನಿಸ್ಬುಟ್ಟೆ.”

ಬರಿಗೈಲೇ ಬನ್ನಿ ಎನ್ನುವಷ್ಟರಲ್ಲಿ ಅವರು ಒಳಗೆ ಹೋಗಿಬಿಟ್ಟಿದ್ದರು. ಮರುದಿನ ನಾನೇ ಸಂತೆಯಿಂದ ಅರಿವೆ ಸೊಪ್ಪು ತಂದು, ಬೇರು ಕತ್ತರಿಸಿ, ಚೆನ್ನಾಗಿ ತೊಳೆದು, ಗೋಡೆಯ ಮೇಲೆ ಇಟ್ಟೆ. ಸಂಜೆ ಬಂದಾಗ ಅದು ಅಲ್ಲೇ ಬಾಡಿ ಕೂತಿತ್ತು.

ಇವತ್ತೂ ಒಂದು ಕಟ್ಟು ಇಟ್ಟಿದ್ದೇನೆ. ಕಚೇರಿಗೆ ಹೊತ್ತಾದರೂ ಗೋಡೆಯ ಈಚೆ ನಿಂತೇ ಇದ್ದೇನೆ.