ಮಾವನ ವಿಮಾನದ ನಿಲ್ಲದ ಮುಳ್ಳು

ಮಾಘ ಮಾಸದ ಒಂದು ಭಾನುವಾರ, ಬೆಳಿಗ್ಗೆ ಏಳು ಗಂಟೆ. ಮನೆಯ ಹಿಂದಿನ ಹಳೆಯ ಆಲೆಮನೆಯಲ್ಲಿ ಇದ್ದವರು ಮೂವರು: ಸೋದರಮಾವ, ಅವ್ವ, ನಾಲ್ಕನೇ ಕ್ಲಾಸಿನ ನಾನು. ಐವತ್ತರ ದಶಕದ ಆ ದಿನಗಳಲ್ಲಿ ಗುಂಡ್ಲುಪೇಟೆಯ ಮೇಲೆ ವಿಮಾನದ ಸದ್ದು ಕೇಳಿದರೆ ಉಣ್ಣುತ್ತಿದ್ದವರೂ ಎಂಜಲು ಕೈಯಲ್ಲೇ ಅಂಗಳಕ್ಕೆ ಓಡುತ್ತಿದ್ದರು. ನಮ್ಮ ಆಲೆಮನೆಯಲ್ಲಿ ಒಂದು ವಿಮಾನ ಹುಟ್ಟುತ್ತಿತ್ತು.

ಮಾವ ಯುದ್ಧದ ಕಾಲದಲ್ಲಿ ವಿಮಾನ ರಿಪೇರಿ ಕಲಿತವರು. ಮರದ ಚೌಕಟ್ಟಿಗೆ ಬಟ್ಟೆ ಬಿಗಿದು, ಹಳೆಯದೊಂದು ಎಂಜಿನ್ ಕೂರಿಸಿ ಒಬ್ಬರೇ ಕಟ್ಟಿದ್ದರು. ಗೋಡೆಗಂಟಿದ ಬೆಲ್ಲದ ವಾಸನೆಗೆ ಪೆಟ್ರೋಲಿನ ವಾಸನೆ ಬೆರೆಯುತ್ತಿತ್ತು. ಎಂಜಿನ್ ಓಡುವಾಗ ಪೆಟ್ರೋಲ್ ಒತ್ತಡದ ಮೀಟರಿನ ಮುಳ್ಳು ಎಲ್ಲಿದೆಯೆಂದು ಕೂಗಿ ಹೇಳುವುದು ನನ್ನ ಕೆಲಸ. ಅದಕ್ಕೆ ಪ್ರತಿಯಾಗಿ ಎರಡನೇ ಸೀಟು ನನ್ನದೆಂದು ಮಾತಾಗಿತ್ತು.

ಅಂದಿಗೆ ಮೂರು ದಿನದಿಂದ ಮುಳ್ಳು ನಿಂತಲ್ಲಿ ನಿಲ್ಲುತ್ತಿರಲಿಲ್ಲ.

"ಮೂರು! ಒಂದು! ನಾಕು!" ಎಂದು ವಿಮಾನದ ಸೀಟಿನಿಂದಲೇ ಕೂಗಿದೆ.

ಎಂಜಿನ್ ಪಕ್ಕ ನಿಂತಿದ್ದ ಮಾವ ಸಿಡುಕಿದರು. "ನೆನ್ನೆ ಮೀಟ್ರು ಬದಲಾಯ್ಸಿವ್ನಿ. ಒಸ ಮೀಟ್ರು ಸುಳ್ಳೇಳದಿಲ್ಲ. ಸುಳ್ಳೇಳ್ತಿರದು ನೀನೇ ಕಣಮ್ಮಿ. ನಾಳಿಂದ ಬರಬ್ಯಾಡ."

ಹುಚ್ಚೆಳ್ಳು ಚಟ್ನಿ, ರೊಟ್ಟಿ ಹಿಡಿದು ಬಾಗಿಲಲ್ಲಿದ್ದ ಅವ್ವನ ಕಡೆ ತಿರುಗಿದೆ. ಹಿಂದಿನ ದಿನ ನನ್ನ ಪಕ್ಕ ನಿಂತು ಮುಳ್ಳು ಕುಣಿಯುವುದನ್ನು ಅವಳೇ ನೋಡಿದ್ದಳು.

"ನೀನೂ ನೋಡ್ದಲ್ಲವ್ವ, ಯೋಳು."

"ಮಕ್ಳ ಕಣ್ಣ ಏನ್ ನಂಬದು ಬುಡಪ್ಪ," ಎಂದಳು ಅವ್ವ, ತಮ್ಮನಿಗೆ.

ನಾನು ಸೀಟು ಬಿಟ್ಟೇಳಲಿಲ್ಲ. "ನೀನೇ ಬಂದು ನೋಡು ಮಾವ" ಎಂದು ಹಟ ಹಿಡಿದು ಅಳತೊಡಗಿದೆ. ಕೊನೆಗೆ ಅವರು ಬಂದು ನೋಡಿದರು. ಮುಳ್ಳು ಕುಣಿಯುತ್ತಲೇ ಇತ್ತು.

ಮಾವ ಕೆಲಸಕ್ಕಿಳಿದರು. ಪೆಟ್ರೋಲನ್ನು ಬಟ್ಟೆಯಲ್ಲಿ ಸೋಸಿದರು, ಕಸವಿರಲಿಲ್ಲ. ಪಂಪು ಬಿಚ್ಚಿದರು; ಸರಿಯಿತ್ತು. ಆಮೇಲೆ ಪೈಪಿನ ಒಂದೊಂದೇ ಜೋಡಣೆಗೆ ಗ್ರೀಸ್ ಮೆತ್ತುತ್ತ, ಎಂಜಿನ್ ಓಡಿಸಿ ನೋಡುತ್ತ ಬಂದರು. ಕೆಳಗಿನ ಟ್ಯಾಂಕಿನಿಂದ ಪಂಪಿಗೆ ಬರುವ ಪೈಪಿನ ನಟ್ಟಿಗೆ ಮೆತ್ತಿದಾಗ ಮುಳ್ಳು ನಿಂತಿತು. ಅದು ಪಂಪು ಹೀರುವ ಬದಿ. ಅಲ್ಲಿ ಸಡಿಲವಾದರೆ ಪೆಟ್ರೋಲ್ ಹೊರಗೆ ತೊಟ್ಟಿಕ್ಕುವುದಿಲ್ಲ, ಗಾಳಿ ಒಳಗೆ ನುಗ್ಗಿ ಮುಳ್ಳನ್ನು ಕುಣಿಸುತ್ತದೆ; ಗ್ರೀಸ್ ಆ ಸಂದನ್ನು ಮುಚ್ಚಿತ್ತು. ಬಿಗಿದ ನಟ್ಟಿನಿಂದ ಪೈಪಿನವರೆಗೆ ಕೆಂಪು ಬಣ್ಣದ ಗೆರೆ ಎಳೆಯುವುದು ಮಾವನ ಕ್ರಮ. ಗ್ರೀಸ್ ಒರೆಸಿದರೆ ಗೆರೆ ಎರಡು ತುಂಡಾಗಿತ್ತು, ನಟ್ಟಿನ ಅಂಚಿನಲ್ಲಿ ಸ್ಪ್ಯಾನರಿನ ಹೊಸ ಗೀರುಗಳಿದ್ದವು.

"ಇದು ತಾನಾಗೇ ತಿರುಗಿಲ್ಲ," ಎಂದರು ಮಾವ.

ಅವ್ವ ರೊಟ್ಟಿ ಕೆಳಗಿಟ್ಟಳು. "ನಾನೇ ಕಣ್ಲಾ ಸಡ್ಲ ಮಾಡ್ದೋಳು. ಇದು ಸಡ್ಲಾದ್ರೆ ಇಮಾನ ಏಳದಿಲ್ಲ ಅಂತ ನೀನೇ ತೋರ್ಸಿದ್ದೆ. ನೀ ಮೇಲಿಂದ ಬಿದ್ರೆ ನಾ ಯಾರ್ನ ತಮ್ಮ ಅನ್ಲಿ?"

"ಗೊತ್ತಾಗ್ದೆ ಮೇಲೋಗಿದ್ರೆ ಇದ್ರಿಂದ್ಲೇ ಬೀಳ್ತಿದ್ದೆ ಕಣಕ್ಕ."

ಅವ್ವನ ಮುಖ ಬಿಳಿಚಿಕೊಂಡಿತು. ನನಗೆ ಬೇಕಿದ್ದ ಉತ್ತರ ಬೇರೆ. "ನನ್ನ ಯಾಕವ್ವ ಸುಳ್ಳಿ ಮಾಡ್ದೆ?"

"ನೀ ಚಿಕ್ಕೋಳು, ಮರ್ತೋಯ್ತೀಯ ಅಂದ್ಕಂಡೆ."

ಮಾವ ನಟ್ಟು ಬಿಗಿದು ಹೊಸ ಗೆರೆ ಎಳೆದರು. ಮೊದಲ ಬಾರಿಗೆ ಆಲೆಮನೆಗೆ ಬೀಗ ಬಿತ್ತು. ಆ ಬೇಸಿಗೆಯಲ್ಲಿ ವಿಮಾನ ತೆಂಗಿನಮರದೆತ್ತರ ಹಾರಿತು. ಎರಡನೇ ಸೀಟಿನಲ್ಲಿ ನಾನೂ ಕೂತೆ. ಆ ಸುಖ ನನಗೆ ತಪ್ಪಲಿಲ್ಲ. ಕಳೆದದ್ದು ಬೇರೆ, ಅದು ಮತ್ತೆ ಸಿಗಲಿಲ್ಲ.

ನಟ್ಟಿನ ಗುಟ್ಟು ಬಯಲಾದ ಆ ಭಾನುವಾರವೇ ಸಂಜೆ ದೀಪ ಹಚ್ಚುವ ಹೊತ್ತಿಗೆ ಅವ್ವ ಎಂದಿನಂತೆ ಕೂಗಿದಳು: "ಕೊಟ್ಗೆ ಅಗುಳಿ ಹಾಕಿವ್ನಿ ಕಣಮ್ಮಿ, ಒಳಕ್ ಬಾ."

ಹಿಂದಿನ ಸಂಜೆಯವರೆಗೂ ನನಗೆ ಆ ಮಾತೇ ಸಾಕಿತ್ತು. ಅಂದು ಕೊಟ್ಟಿಗೆಯವರೆಗೂ ಹೋಗಿ, ಅಗುಳಿಯನ್ನು ಮುಟ್ಟಿ ನೋಡಿ ಒಳಗೆ ಬಂದೆ.