ಕರಿ ಕೋಟಿನ ಒಳಮಗ್ಗಲು

ಮನುಷ್ಯನನ್ನು ಪಶುಗಳಿಂದ ಬೇರ್ಪಡಿಸುವುದು ತರ್ಕಶಕ್ತಿಯೊಂದೇ ಎಂದು ಹಿರಿಯರು ಹೇಳಿದ್ದಾರೆ. ಹಾಗೆ ಹೇಳಿದ ಹಿರಿಯರು ಯಾರೂ ಕಾರವಾರದ ಕೋರ್ಟಿನ ಎದುರಿಗೆ ಅರ್ಧ ತಾಸು ಕೂತವರಲ್ಲ. ಅಲ್ಲಿ ನಲವತ್ತು ವರ್ಷ ಕೂತಿದ್ದವರು ಕದ್ವಾಡದ ದತ್ತು ಮಾಮ, ವಕೀಲರ ಕರಿ ಕೋಟು ಹೊಲಿಯುವ ದರ್ಜಿ. ಓದಿದ್ದು ಏಳನೆಯ ತರಗತಿ. ತುಟಿಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುತ್ತಿದ್ದರು. ಹೀಗಾಗಿ ಅನವಶ್ಯಕವಾದ ಮಾತು ಹೊರಗೆ ಬರುತ್ತಿರಲಿಲ್ಲ.

ಅಳತೆ ಕೊಡುವಾಗ ಮರುದಿನದ ವಾದವನ್ನು ಗಟ್ಟಿಯಾಗಿ ಹೇಳಿನೋಡುವುದು ವಕೀಲರಿಗೆ ಚಟ. ಒಮ್ಮೆ ನನ್ನೆದುರಿಗೇ ಒಬ್ಬ ತರುಣ ವಕೀಲರು ಎರಡೂ ಕೈ ಎತ್ತಿ, "ನನ್ನ ಕಕ್ಷಿದಾರ ಆ ದಿನ ಬೆಳಿಗ್ಗೆ ಅಂಕೋಲೆಯಲ್ಲಿದ್ದ. ಆದ್ದರಿಂದ ಸಂಜೆ ಕಾರವಾರದಲ್ಲಿ ಹೊಡೆದಾಟ ಮಾಡಿರಲು ಸಾಧ್ಯವೇ ಇಲ್ಲ!" ಎಂದು ಗುಡುಗಿದರು.

ಅವರ ಕಂಕುಳಿಗೆ ಟೇಪು ಹಿಡಿದಿದ್ದ ದತ್ತು ಮಾಮ ಸೂಜಿಗಳ ಸಂದಿಯಿಂದ, "ವಕೀಲ್ರೆ, ನಾನೂ ಬೆಳಿಗ್ಗೆ ಅಂಕೋಲೆಲೇ ಇದ್ದಿದ್ದೆ. ಈಗ ನಿಮ್ಮ ಬಗಲಲ್ಲಿಲ್ವಾ? ಮೊದ್ಲು ಬಸ್ಸು ಬಂದ್ ಮಾಡ್ಸಿ, ಆಮೇಲೆ ಈ ವಾದ ಮಾಡಿ" ಎಂದರು. ವಕೀಲರು ಕೈ ಇಳಿಸಿದರು. ಅಳತೆಯೂ ತಪ್ಪಿತು.

ನಮ್ಮ ಮನೆ ಬೇಲೆಕೇರಿಯಲ್ಲಿ. ಮಗಳು ಸುಮಾ ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲಿ ಒಮ್ಮೆ ಡುಮ್ಕಿ ಹೊಡೆದು ಎರಡನೆಯ ಸಲಕ್ಕೆ ಓದುತ್ತಿದ್ದಳು. ಈ ಸಲವೂ ಆಗದಿದ್ದರೆ ಅಂಕೋಲೆಯಲ್ಲಿ ಬಿ.ಕಾಂ. ಎಂದು ಮನೆಯಲ್ಲಿ ಸರ್ವಾನುಮತದಿಂದ, ಅಂದರೆ ನನ್ನೊಬ್ಬನ ಮತದಿಂದ, ನಿರ್ಣಯವಾಗಿತ್ತು. ಅವಳನ್ನು ಮುಳುಗಿಸುತ್ತಿದ್ದದ್ದು ವಾದದಲ್ಲಿನ ದೋಷ ಹುಡುಕುವ ಪ್ರಶ್ನೆಗಳು. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ವ್ಯಾಕರಣ ಕಲಿಸಿದ ನಾನು ಲೋಪಸಂಧಿ, ಆಗಮಸಂಧಿ ಹಿಡಿಯಬಲ್ಲೆ. ವಾದದ ಸಂಧಿ ನನಗೂ ಸಿಗುತ್ತಿರಲಿಲ್ಲ.

ನಾನು ಅಂಗಿ ಹೊಲಿಸಲು ಹೋದ ದಿನ ಅವಳೂ ಬಂದಿದ್ದಳು. ಸ್ಟೂಲಿನ ಮೇಲೆ ಕೂತು ಪುಸ್ತಕ ಬಿಚ್ಚಿ, ಮರುಗಳಿಗೆಗೆ ರಪ್ಪನೆ ಮುಚ್ಚಿದಳು.

"ಎಂತಾ ಆಯ್ತೆ ತಂಗಿ?" ದತ್ತು ಮಾಮ ಕೇಳಿದರು.

ಸುಮಾ ಇಂಗ್ಲಿಷಿನ ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿದಳು: ಮಳೆ ಬಂದರೆ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಇಂದು ದೋಣಿಗಳು ಇಳಿದಿಲ್ಲ. ಆದ್ದರಿಂದ ಇಂದು ಮಳೆ ಬಂದಿದೆ. ಈ ವಾದದಲ್ಲಿ ತಪ್ಪೇನು?

"ಮಳೆ ಬಂದ್ರೆ ದೋಣಿ ಇಳೂದಿಲ್ಲ ಅಂದವ್ರು ಯಾರು ಮಾಮ? ಬೇಲೆಕೇರಿಗೆ ಬಂದು ನೋಡ್ಲಿ! ಅದೇ ತಪ್ಪು ಅಂತ ಗುರ್ತು ಹಾಕಿದ್ರೆ ಮಾರ್ಕೇ ಇಲ್ಲ."

ದತ್ತು ಮಾಮ ಸೂಜಿಗಳನ್ನು ಒಂದೊಂದಾಗಿ ತೆಗೆದು ಎದುರಿನ ಬಟ್ಟೆಗೆ ಚುಚ್ಚಿದರು. ಇದು ವರ್ಷಕ್ಕೊಮ್ಮೆ ಜರುಗುವ ಸಮಾರಂಭ.

"ಬಟ್ಟೆ ಗಿರಾಕಿದು. ಕಳಪೆ ಇರ್ಲಿ, ಬಣ್ಣ ಬಿಡ್ಲಿ, ಅದು ಅವನ ಹಣೆಬರಹ. ಬಟ್ಟೆಗಾಗಿ ಜಗಳ ಮಾಡೂಕೆ ಹೋಗ್ಬೇಡ. ಒಳಮಗ್ಗಲು ತಿರುಗ್ಸು, ಹೊಲಿಗೆ ನೋಡು. ಮಳೆ ಬಂದ್ರೆ ದೋಣಿ ಇಳೂದಿಲ್ಲ, ಆಯ್ತು, ಒಪ್ಕೊ. ಮಳೆ ಇಲ್ದಿದ್ರೆ ದೋಣಿ ನಿಲ್ಲೂದೇ ಇಲ್ವನೆ?"

"ಎಂಜಿನ್ ಕೆಟ್ರೆ ನಿಲ್ತದೆ. ಊರಲ್ಲಿ ಮದ್ವೆ ಇದ್ರೂ ನಿಲ್ತದೆ..." ಸುಮಾ ಅರ್ಧಕ್ಕೇ ನಿಲ್ಲಿಸಿದಳು. "ಅಯ್ಯೋ ಮಾಮ! ತಪ್ಪು ಆ 'ಆದ್ದರಿಂದ' ಅನ್ನೂದ್ರಲ್ಲಿ ಅದೆ!"

"ಹಾಂ! ಇಷ್ಟಕ್ಕೆ ಅಷ್ಟು ದಪ್ಪ ಪುಸ್ತಕ ಮಾಡಿಟ್ಟಾರೆ" ಎಂದು ಸೂಜಿಗಳನ್ನು ಮತ್ತೆ ಬಾಯಿಗೆ ಸೇರಿಸಿದರು.

ಅಂದಿನಿಂದ ಪ್ರತಿ ಶನಿವಾರ ಅವಳು ಪುಸ್ತಕ ಹಿಡಿದು ಕಾರವಾರದ ಬಸ್ಸು ಹತ್ತಿದಳು. ಮೂರು ತಿಂಗಳಲ್ಲಿ ಪುಸ್ತಕ ಮುಗಿಯಿತು. ನನ್ನ ಅಂಗಿಗೆ ಇನ್ನೂ ಕಾಲರು ಬಂದಿರಲಿಲ್ಲ.

ಪರೀಕ್ಷೆ ಮುಗಿದು ಫಲಿತಾಂಶ ಬರುವ ಮೊದಲೇ ದತ್ತು ಮಾಮ ಹೋಗಿಬಿಟ್ಟರು. ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಕದ್ವಾಡದಿಂದ ಮರಳುವಾಗ ಸುಮಾ ಬಸ್ಸಿನ ಕಿಟಕಿಯತ್ತ ಮುಖ ಮಾಡಿ ಅಳುತ್ತಿದ್ದಳು. ತಂದೆಯಾದವನು ಇಂಥ ಹೊತ್ತಿನಲ್ಲಿ ಗಂಭೀರವಾದದ್ದೇನಾದರೂ ಹೇಳಬೇಕಲ್ಲ. ಹೇಳಿದೆ: "ಅಷ್ಟು ಒಳ್ಳೆ ಮನ್ಷ ಆಗಿದ್ರು. ನಿಂಗೆ ಸೀಟು ಸಿಕ್ಕೇ ಸಿಗ್ತದೆ ಮಗಾ."

ಅವಳು ಮೂಗು ಒರೆಸಿಕೊಂಡಳು. "ಒಳ್ಳೇವ್ರು ಅನ್ನೂದು ಸೈ ಅಪ್ಪ. ಅದ್ರಿಂದ ನಂಗೆ ಸೀಟು ಸಿಗ್ತದೆ ಅನ್ನೂದು ಎಲ್ಲಿಂದ ಬಂತು?"

ನನ್ನ ತಪ್ಪು ತಿದ್ದಿದ ಮಕ್ಕಳ ಮೇಲೆ ಮೂವತ್ತು ವರ್ಷವೂ ನನಗೆ ಸಿಟ್ಟು ಬಂದಿದೆ. ಅಂದು ಎದೆ ಉಬ್ಬಿತು. ಪಕ್ಕದ ಸೀಟಿನವರಿಗೆ "ನನ್ನ ಮಗಳು, ದತ್ತು ಮಾಮನ ಶಿಷ್ಯೆ" ಎಂದು ತಿಳಿಸಿದೆ. ಅವರೇನೂ ಕೇಳಿರಲಿಲ್ಲ.

ಎರಡನೆಯ ಪಟ್ಟಿಯಲ್ಲಿ ಸುಮಾಗೆ ಸೀಟು ಸಿಕ್ಕಿತು.